ಪೈಲಟ್ ಸಂಬಳ, ಸಂಘ, ಖರ್ಚು ಕಡಿತ: ದಾವಣಗೆರೆ-ಚಿತ್ರದುರ್ಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಾವಣಗೆರೆ ಮಂಡಿಪೇಟೆಯ ಹತ್ತಿರ ಲೆಕ್ಕಪತ್ರ ನೋಡಿಕೊಳ್ಳುವವನು. ನನ್ನ ತಮ್ಮ ವಿಮಾನ ಕಂಪನಿಯೊಂದರಲ್ಲಿ ಪೈಲಟ್. ಹಾಗಾಗಿ ಮಗನನ್ನೋ ಮಗಳನ್ನೋ ಪೈಲಟ್ ಮಾಡಬೇಕು ಅಂದುಕೊಂಡವರು ಸಾಲದ ಕಾಗದ ಹಿಡಿದು ನನ್ನ ಹತ್ತಿರ ಬರುತ್ತಾರೆ. 2025ರ ಡಿಸೆಂಬರ್‌ನಲ್ಲಿ ವಿಮಾನಗಳು ಸಾಲುಸಾಲಾಗಿ ರದ್ದಾದ ಮೇಲಂತೂ ಟೀ ಅಂಗಡಿಯಲ್ಲೂ ಇದೇ ಮಾತು. ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ.

ಪೈಲಟ್‌ಗಳಿಗೆ ತಿಂಗಳಿಗೆ ಲಕ್ಷಗಟ್ಟಲೆ ಸಂಬಳ ಅಲ್ವಾ? ಅವರಿಗೂ ಸಂಘ ಯಾಕೆ ಬೇಕು?

ಸಂಬಳ ಒಳ್ಳೆಯದೇ. ಅದನ್ನು ಮುಚ್ಚಿಡುವುದಿಲ್ಲ. ಕ್ಯಾಪ್ಟನ್ ಆದವರಿಗೆ ನಮ್ಮೂರಿನ ಯಾವ ನೌಕರಿಯಲ್ಲೂ ಸಿಗದಷ್ಟು ಬರುತ್ತದೆ.

ಆದರೆ ಎಷ್ಟು ಹೊತ್ತಿಗೆ ಏಳಬೇಕು, ಎಷ್ಟು ಹೊತ್ತು ಮಲಗಬಹುದು, ರಜೆ ಯಾವಾಗ, ಕೆಲಸ ಬಿಟ್ಟರೆ ಎಷ್ಟು ದಿನ ಕಾಯಬೇಕು ಎಂಬುದನ್ನೆಲ್ಲ ಬೇರೆಯವರು ತೀರ್ಮಾನಿಸುತ್ತಾರೆ. ಒಬ್ಬನೇ ಹೋಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ನಮ್ಮ ತಂದೆ ಇಲ್ಲಿನ ಹತ್ತಿ ಗಿರಣಿಯೊಂದರಲ್ಲಿ ನೂಲುವ ಖಾತೆಯಲ್ಲಿದ್ದರು. ಕಾರ್ಮಿಕ ನಾಯಕ ಪಂಪಾಪತಿಯವರನ್ನು ಮೂರು ಸಲ ವಿಧಾನಸಭೆಗೆ ಕಳಿಸಿದ ಊರು ಇದು. ಸಂಘ ಯಾಕೆ ಬೇಕು ಅಂತ ನಮ್ಮೂರಿನ ಹಳಬರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಂಬಳ ದೊಡ್ಡದಾದ ಮಾತ್ರಕ್ಕೆ ಆಳು-ಒಡೆಯರ ಲೆಕ್ಕ ಬದಲಾಗುವುದಿಲ್ಲ.

ಸಂಬಳವನ್ನು ಹೇಗೆ ಲೆಕ್ಕ ಹಾಕುತ್ತಾರೆ?

ಇದು ಅರ್ಥವಾದರೆ ಅರ್ಧ ಜಗಳ ಅರ್ಥವಾದ ಹಾಗೆ.

ಸಾಮಾನ್ಯವಾಗಿ ಎರಡು ಭಾಗ ಇರುತ್ತದೆ. ತಿಂಗಳಿಗೆ ಇಷ್ಟು ಗಂಟೆಯ ಹಾರಾಟಕ್ಕೆ ಖಾತ್ರಿ ಹಣ ಅಂತ ಒಂದು. ಅಷ್ಟು ಹಾರದಿದ್ದರೂ ಅದು ಬರುತ್ತದೆ. ಅದಕ್ಕಿಂತ ಜಾಸ್ತಿ ಹಾರಿದರೆ ಗಂಟೆಗೆ ಇಷ್ಟು ಅಂತ ಇನ್ನೊಂದು. ಇವುಗಳ ಮೇಲೆ ಬೇರೆ ಊರಿನಲ್ಲಿ ತಂಗುವ ಭತ್ಯೆ, ರಾತ್ರಿ ಭತ್ಯೆ ಇತ್ಯಾದಿ.

ಗಂಟೆ ಅಂದರೆ ಬ್ಲಾಕ್ ಅವರ್. ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ ಇಳಿದು ಮತ್ತೆ ನಿಲ್ಲುವ ತನಕ. ಬೆಂಗಳೂರಿನಿಂದ ದೆಹಲಿಗೆ ಹೋಗಿ ಬಂದರೆ ಸುಮಾರು ಐದೂವರೆ ಗಂಟೆ ಬರೆದುಕೊಳ್ಳುತ್ತಾರೆ. ತಮ್ಮ ಮನೆ ಬಿಟ್ಟು ಮನೆ ಸೇರುವ ಹೊತ್ತಿಗೆ ಹನ್ನೊಂದು ಗಂಟೆ ಕಳೆದಿರುತ್ತದೆ. ಹವಾಮಾನ ನೋಡುವುದು, ಇಂಧನ ತೀರ್ಮಾನಿಸುವುದು, ವಿಮಾನ ತಪಾಸಣೆ, ಮಂಜಿನಲ್ಲಿ ಕಾಯುವುದು, ಇದೆಲ್ಲ ಕೆಲಸವೇ. ಆದರೆ ಹಾರಾಟದ ಗಂಟೆ ಅಂತ ಪುಸ್ತಕಕ್ಕೆ ಏರುವುದಿಲ್ಲ.

"ವರ್ಷಕ್ಕೆ 1000 ಗಂಟೆಗಿಂತ ಜಾಸ್ತಿ ಹಾರಬಾರದಂತೆ, ಹಾಗಾದರೆ ದಿನಕ್ಕೆ ಮೂರು ಗಂಟೆ ಕೆಲಸ ತಾನೇ?" ಅಂತ ಒಬ್ಬರು ಕೇಳಿದ್ದರು. 1000 ಗಂಟೆಯ ಮಿತಿ ಇರುವುದು ನಿಜ. ಅದು ಬರೀ ಹಾರಾಟದ ಲೆಕ್ಕ. ಡ್ಯೂಟಿಯ ಲೆಕ್ಕ ಬೇರೆ.

ಈಗ ಖಾತ್ರಿ ಗಂಟೆಯ ಆಟ ನೋಡಿ. 2024ರಲ್ಲಿ ವಿಸ್ತಾರ ಕಂಪನಿ ಏರ್ ಇಂಡಿಯಾ ಜೊತೆ ಸೇರುವ ಮುಂಚೆ ಪೈಲಟ್‌ಗಳಿಗೆ ಹೊಸ ಕರಾರು ಕೊಟ್ಟಿತು. ಮೊದಲು 70 ಗಂಟೆಗೆ ಖಾತ್ರಿ ಇತ್ತು. ಹೊಸದರಲ್ಲಿ 40. ಗಂಟೆಯ ದರ ಅಷ್ಟೇ ಇದೆ ಅಂದುಕೊಳ್ಳಿ. ನೀವು ಒಂದು ತಿಂಗಳು 50 ಗಂಟೆ ಹಾರಿದಿರಿ. ಹಳೆಯ ಲೆಕ್ಕದಲ್ಲಿ 70 ಗಂಟೆಯ ಹಣ. ಹೊಸ ಲೆಕ್ಕದಲ್ಲಿ 50ರದ್ದು. ಸಂಬಳ ಕಡಿತ ಅಂತ ಎಲ್ಲೂ ಬರೆದಿಲ್ಲ, ಆದರೆ ಮೂರರಲ್ಲಿ ಒಂದು ಪಾಲಿನ ಹತ್ತಿರ ಹೋಯಿತು. ರಜೆ ಹಾಕಿದ ತಿಂಗಳು, ತರಬೇತಿಗೆ ಹೋದ ತಿಂಗಳು, ಮೈ ಸರಿ ಇಲ್ಲದ ತಿಂಗಳು ಪೆಟ್ಟು ಬೀಳುತ್ತದೆ. ಆ ಏಪ್ರಿಲ್‌ನಲ್ಲಿ ಪೈಲಟ್‌ಗಳು ಡ್ಯೂಟಿಗೆ ಸಿಗದೆ ವಿಸ್ತಾರದ ಎಷ್ಟೋ ವಿಮಾನ ರದ್ದಾದವು.

ಪೈಲಟ್ ಆಗಲು ಎಷ್ಟು ಖರ್ಚಾಗುತ್ತದೆ? ಸಾಲ ಎಷ್ಟು ವರ್ಷಕ್ಕೆ ತೀರುತ್ತದೆ?

ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಬೇಕು. 18 ವರ್ಷ ಆಗಿರಬೇಕು. ಕಮರ್ಷಿಯಲ್ ಲೈಸೆನ್ಸ್‌ಗೆ 200 ಗಂಟೆ ಹಾರಿರಬೇಕು. ಇದರ ಮೇಲೆ ಏರ್‌ಬಸ್ ಅಥವಾ ಬೋಯಿಂಗ್‌ನ ನಿರ್ದಿಷ್ಟ ಮಾದರಿ ಹಾರಿಸುವ ತರಬೇತಿ. ಅದಕ್ಕೆ ಟೈಪ್ ರೇಟಿಂಗ್ ಅನ್ನುತ್ತಾರೆ. ಎಲ್ಲ ಸೇರಿ ಅರ್ಧ ಕೋಟಿಯಿಂದ ಒಂದು ಕೋಟಿ ಹತ್ತಿರ ಹೋಗುತ್ತದೆ. ಬೆಂಗಳೂರಿನ ಜಕ್ಕೂರಿನಲ್ಲಿ 1949ರಿಂದಲೂ ಸರ್ಕಾರಿ ತರಬೇತಿ ಶಾಲೆ ಇದೆ, ಮೊದಲು ಅಲ್ಲಿ ವಿಚಾರಿಸಿ.

ಚನ್ನಗಿರಿ ಕಡೆಯಿಂದ ಅಡಿಕೆ ತೋಟದ ಪಹಣಿ ಹಿಡಿದು ಬಂದವರಿಗೆ ನಾನು ತೋರಿಸುವುದು ಒಂದೇ ಕಾಗದ, ನನ್ನ ತಮ್ಮನ ಸಾಲದ ಖಾತೆ. ಅವನಿಗೆ ಲೈಸೆನ್ಸ್ ಸಿಕ್ಕಿದ್ದು 2010ರಲ್ಲಿ. ಕೆಲಸ ಸಿಕ್ಕಿದ್ದು 2014ರಲ್ಲಿ. ನಡುವಿನ ನಾಲ್ಕು ವರ್ಷ ನನ್ನ ಆಫೀಸಿನಲ್ಲಿ ಕೂತು ವೋಚರ್ ಬರೆದ. ಬಡ್ಡಿ ಮಾತ್ರ ಒಂದು ದಿನವೂ ರಜೆ ಹಾಕಲಿಲ್ಲ. ಲೈಸೆನ್ಸ್ ಜೀವಂತ ಇಡಲು ಮೆಡಿಕಲ್, ಹಾರಾಟ ಅಂತ ಮತ್ತೆ ಖರ್ಚು. ನಾಲ್ಕನೇ ವರ್ಷ ಅಮ್ಮನ ಸರ ಹೋಯಿತು.

ಆಮೇಲೆ ಆರು ವರ್ಷ ಚೆನ್ನಾಗಿತ್ತು. ಸಾಲ ಇಳಿಯಿತು. 2020ರಲ್ಲಿ ಕೊರೊನಾ. ಖಾತ್ರಿ ಹಣವನ್ನು ಕಂಪನಿ ಕತ್ತರಿಸಿತು. ಹಾರಾಟ ಇಲ್ಲದ್ದರಿಂದ ಗಂಟೆಯ ಹಣ ಸೊನ್ನೆ. ರಿಸರ್ವ್ ಬ್ಯಾಂಕ್ ಕಂತು ಮುಂದೂಡಲು ಆರು ತಿಂಗಳು ಅವಕಾಶ ಕೊಟ್ಟಿತು, ಸರಿ. ಮುಂದೂಡಿದ್ದಕ್ಕೂ ಬಡ್ಡಿ ಇತ್ತು.

ಕಂಪನಿಗಳು ಪೈಲಟ್ ಸಂಬಳಕ್ಕೇ ಯಾಕೆ ಕೈ ಹಾಕುತ್ತವೆ?

ಬೇರೆ ಕಡೆ ಕೈ ಹಾಕಲು ಆಗುವುದಿಲ್ಲ, ಅದಕ್ಕೆ.

ವಿಮಾನ ಕಂಪನಿಯ ಅತಿ ದೊಡ್ಡ ಖರ್ಚು ಇಂಧನ. ಅದರ ಬೆಲೆ ಇವರ ಕೈಯಲ್ಲಿಲ್ಲ. ವಿಮಾನದ ಇಂಧನ ಇನ್ನೂ ಜಿಎಸ್‌ಟಿ ಒಳಗೆ ಬಂದಿಲ್ಲ, ರಾಜ್ಯಗಳು ವ್ಯಾಟ್ ಹಾಕುತ್ತವೆ. ವಿಮಾನಗಳು ಬಹುಪಾಲು ಬಾಡಿಗೆಯವು, ಬಾಡಿಗೆ ಡಾಲರ್‌ನಲ್ಲಿ. ರೂಪಾಯಿ ಬಿದ್ದರೆ ಬಾಡಿಗೆ ಏರಿತು. ನಿಲ್ದಾಣದ ಶುಲ್ಕ, ಬಿಡಿಭಾಗ ಯಾವುದರಲ್ಲೂ ಚೌಕಾಸಿ ನಡೆಯುವುದಿಲ್ಲ. ಇನ್ನೊಂದು ಕಡೆ ಟಿಕೆಟ್ ದರ ಏರಿಸಿದರೆ ನಾವೇ ಪಕ್ಕದ ಕಂಪನಿಗೆ ಹೋಗುತ್ತೇವೆ. ಮ್ಯಾನೇಜ್‌ಮೆಂಟ್ ಕಷ್ಟ ಸುಳ್ಳಲ್ಲ. ನಾನೂ ವ್ಯಾಪಾರಿಗಳ ಲೆಕ್ಕ ಬರೆಯುವವನೇ.

ಆದರೆ ತೈಲ ಕಂಪನಿ, ಬಾಡಿಗೆ ಕಂಪನಿ ತಿರುಗಿಬಿದ್ದರೆ ವಿಮಾನ ಅಲ್ಲೇ ನಿಲ್ಲುತ್ತದೆ ಅಂತ ಗೊತ್ತು. ಅವರಿಗೆ ಮೊದಲು ಕೊಡುತ್ತಾರೆ. ಸಾಲದ ಕಂತು ಇರುವ ಪೈಲಟ್ ಇವತ್ತು ಸಂಬಳ ಬರದಿದ್ದರೂ ನಾಳೆ ಬರುತ್ತಾನೆ ಅಂತಲೂ ಗೊತ್ತು.

ಖರ್ಚು ಕಡಿತ ಅಂದರೆ ಸಂಬಳ ಕಡಿಮೆ ಮಾಡುವುದು ಅಷ್ಟೇನಾ?

ಅಲ್ಲ. ನೇರವಾಗಿ ಸಂಬಳ ಕತ್ತರಿಸಿದರೆ ಪೇಪರ್‌ನಲ್ಲಿ ಬರುತ್ತದೆ. ಸದ್ದಿಲ್ಲದ ದಾರಿಗಳು ಬೇರೆ ಇವೆ. ಖಾತ್ರಿ ಗಂಟೆ ಇಳಿಸುವುದು ಮೇಲೆ ಹೇಳಿದೆ. ತರಬೇತಿಯ ಖರ್ಚನ್ನು ಸೇರುವವರ ತಲೆಗೇ ಕಟ್ಟಿ, ಮೇಲೆ ಇಷ್ಟು ವರ್ಷ ಬಿಡುವುದಿಲ್ಲ, ಬಿಟ್ಟರೆ ಹಣ ಕಟ್ಟುತ್ತೇನೆ ಅಂತ ಬಾಂಡ್ ಬರೆಸಿಕೊಳ್ಳುವುದು ಇನ್ನೊಂದು. ಹೊಸಬರಿಗೆ ಬೇರೆಯೇ ಕಡಿಮೆ ದರದ ಸಂಬಳ ಪಟ್ಟಿ ಮಾಡುವುದು ಮತ್ತೊಂದು. ಇದನ್ನು ಅಮೆರಿಕನ್ ಏರ್‌ಲೈನ್ಸ್ 1983ರಲ್ಲಿ ತಂದಿತು, ಬಿ-ಸ್ಕೇಲ್ ಅಂತ ಹೆಸರಾಯಿತು. ಒಂದೇ ಕಾಕ್‌ಪಿಟ್, ಒಂದೇ ಕೆಲಸ, ಎರಡು ಸಂಬಳ. 2020ರಲ್ಲಿ ಆಗಿನ ಸರ್ಕಾರಿ ಏರ್ ಇಂಡಿಯಾ ನೌಕರರನ್ನು ಐದು ವರ್ಷದವರೆಗೂ ಸಂಬಳವಿಲ್ಲದ ರಜೆಗೆ ಕಳಿಸುವ ಯೋಜನೆ ತಂದಿತ್ತು.

ಇವೆಲ್ಲಕ್ಕಿಂತ ಕೆಟ್ಟದ್ದು, ಬೇಕಾದಷ್ಟು ಪೈಲಟ್‌ಗಳನ್ನು ಇಟ್ಟುಕೊಳ್ಳದೇ ಇರುವುದು. ಯಾರ ಸಂಬಳವೂ ಕಡಿಮೆಯಾಗಿರುವುದಿಲ್ಲ. ಇರುವವರ ನಿದ್ದೆ ಕಡಿಮೆಯಾಗಿರುತ್ತದೆ.

2025ರ ಡಿಸೆಂಬರ್‌ನಲ್ಲಿ ಇಂಡಿಗೋ ವಿಮಾನ ರದ್ದಾಗಿದ್ದು ಪೈಲಟ್‌ಗಳ ಮುಷ್ಕರದಿಂದಲೇ?

ಇಲ್ಲ. ಈ ತಪ್ಪು ಮಾತನ್ನು ದಯವಿಟ್ಟು ಹರಡಬೇಡಿ. ಮುಷ್ಕರ ಯಾರೂ ಮಾಡಿರಲಿಲ್ಲ.

ಪೈಲಟ್‌ಗಳ ಆಯಾಸ ತಗ್ಗಿಸಲು ವಿಮಾನಯಾನದ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಡಿಜಿಸಿಎ 2024ರ ಜನವರಿಯಲ್ಲಿ ಹೊಸ ನಿಯಮ ಪ್ರಕಟಿಸಿತು. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು. ರಾತ್ರಿ ಅಂದರೆ 12ರಿಂದ ಬೆಳಗ್ಗೆ 6ರವರೆಗೆ ಅಂತಾಯಿತು, ಮೊದಲು 5ಕ್ಕೆ ಮುಗಿಯುತ್ತಿತ್ತು. ರಾತ್ರಿ ಪಾಳಿಯಲ್ಲಿ ಆರು ಸಲ ಇಳಿಸಬಹುದಿದ್ದದ್ದು ಎರಡಕ್ಕೆ ಇಳಿಯಿತು. ಕಂಪನಿಗಳು ಕಷ್ಟ ಅಂದವು. ಪೈಲಟ್ ಸಂಘಗಳು ದೆಹಲಿ ಹೈಕೋರ್ಟ್‌ಗೆ ಹೋದ ಮೇಲೆ ನಿಯಮ ಎರಡು ಹಂತದಲ್ಲಿ ಜಾರಿಯಾಯಿತು, 2025ರ ಜುಲೈ 1 ಮತ್ತು ನವೆಂಬರ್ 1.

ಅಂದರೆ ತಯಾರಾಗಲು ಸುಮಾರು ಎರಡು ವರ್ಷ ಇತ್ತು. ಹೊಸ ಲೆಕ್ಕಕ್ಕೆ ಬೇಕಾದಷ್ಟು ಪೈಲಟ್‌ಗಳು ದೇಶದ ಅತಿ ದೊಡ್ಡ ಕಂಪನಿಯಲ್ಲೇ ಇರಲಿಲ್ಲ. ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನ ರದ್ದಾದವು. ಕೊನೆಗೆ ರಾತ್ರಿ ಪಾಳಿಯ ನಿಯಮದಿಂದಲೇ ಆ ಕಂಪನಿಗೆ 2026ರ ಫೆಬ್ರವರಿ 10ರವರೆಗೆ ವಿನಾಯಿತಿ ಸಿಕ್ಕಿತು. ತಯಾರಿ ಮಾಡದವರಿಗೆ ಕಾಲಾವಕಾಶ, ನಿದ್ದೆಗಾಗಿ ಕೋರ್ಟ್‌ಗೆ ಹೋದವರಿಗೆ ಮತ್ತೆ ಕಾಯುವುದು. ಇದು ನನಗೆ ಸರಿ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ.

ಅಷ್ಟೊಂದು ಆಯಾಸ ಆಗುತ್ತಾ? ಆಟೋಪೈಲಟ್ ಇರುತ್ತಲ್ಲ?

ತಮ್ಮ ಎರಡು ದಿನ ರಜೆ ಇದ್ದರೆ ವಂದೇ ಭಾರತ್ ಹತ್ತಿ ಊರಿಗೆ ಬರುತ್ತಾನೆ. ಬಂದವನೇ ಬಾಗಿಲ ಹತ್ತಿರ ಬ್ಯಾಗ್ ಇಟ್ಟು ಒಳಕೋಣೆಗೆ ಹೋಗುತ್ತಾನೆ. ಅಮ್ಮ ಕಿಟಕಿಗೆ ಜಮಖಾನ ಕಟ್ಟುತ್ತಾರೆ. ನಾಲ್ಕು ಮೂಲೆಗೂ ಮೊಳೆ ಇದೆ, ಹೊಸದಾಗಿ ಹೊಡೆದದ್ದಲ್ಲ. ಅಪ್ಪ ಗಿರಣಿಯ ಮೂರನೇ ಪಾಳಿ ಮುಗಿಸಿ ಬಂದು ಹಗಲು ಮಲಗುತ್ತಿದ್ದಾಗ ಹೊಡೆದ ಮೊಳೆಗಳು. ಮಿಕ್ಸಿ ಹಾಕುವಂತಿಲ್ಲ, ಕುಕ್ಕರ್ ಕೂಗಿಸುವಂತಿಲ್ಲ. ಪಕ್ಕದ ಮನೆಯವರು "ಪೈಲಟ್ ಅಲ್ವಾ, ಹಗಲೆಲ್ಲ ಮಲಗ್ತಾನೆ?" ಅಂತ ಕೇಳುತ್ತಾರೆ. ಹೋದ ಸಲ ಬಂದಾಗ ಮಧ್ಯಾಹ್ನ ಮೂರಕ್ಕೆ ಎದ್ದು ಬಂದು ನನ್ನನ್ನು "ಇದು ಯಾವ ಊರು?" ಅಂತ ಕೇಳಿದ. ತಮಾಷೆ ಅಂದುಕೊಂಡೆ. ಅವನ ಮುಖ ನೋಡಿದ ಮೇಲೆ ಹಾಗನ್ನಿಸಲಿಲ್ಲ. ಆ ವಾರ ಅವನು ನಾಲ್ಕು ಊರಿನ ಹೋಟೆಲ್‌ನಲ್ಲಿ ಮಲಗಿದ್ದ. ಎರಡು ದಿನ ಬೆಳಗಿನ ಡ್ಯೂಟಿ, ಆಮೇಲೆ ರಾತ್ರಿ, ಮತ್ತೆ ಬೆಳಗು.

ಎಂಟು ಗಂಟೆ ವಿರಾಮ ಕೊಟ್ಟರೆ ಎಂಟು ಗಂಟೆ ನಿದ್ದೆ ಬಂದೀತು ಅಂತೇನಿಲ್ಲ. ಮೈಗೆ ಅದರದೇ ಗಡಿಯಾರ ಇದೆ. ರಾತ್ರಿ 2ರಿಂದ 6ರವರೆಗೆ ಅದು ಕೆಳಕ್ಕೆ ಎಳೆಯುತ್ತದೆ. 2010ರ ಮೇ 22ರಂದು ಮಂಗಳೂರಿನಲ್ಲಿ ದುಬೈನಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಸತ್ತರು. ಕ್ಯಾಪ್ಟನ್ ಹಾರಾಟದಲ್ಲಿ ಬಹಳ ಹೊತ್ತು ನಿದ್ದೆಯಲ್ಲಿದ್ದರು, ಎದ್ದ ಮೇಲಿನ ಮಂಪರು ಅವರ ತೀರ್ಮಾನಕ್ಕೆ ಅಡ್ಡಿಯಾಗಿರಬಹುದು ಅಂತ ತನಿಖಾ ವರದಿ ಹೇಳಿತು. ಮುಂಚೆ ಸಾಕಷ್ಟು ವಿಶ್ರಾಂತಿಯ ಸಮಯ ಸಿಕ್ಕಿತ್ತು ಅಂತಲೂ ಅದೇ ವರದಿಯಲ್ಲಿದೆ. ಸಮಯ ಸಿಕ್ಕರೂ ಬೆಳಗಿನ ಜಾವ ಮೈ ಹೀಗೆ ಮಾಡುವುದಾದರೆ, ಸಮಯವನ್ನೇ ಕತ್ತರಿಸಿದರೆ ಏನು ಗತಿ?

ಆಟೋಪೈಲಟ್ ದಾರಿ ಹಿಡಿದು ಹೋಗುತ್ತದೆ. ಏನಾದರೂ ಕೆಟ್ಟಾಗ ತೀರ್ಮಾನ ಮಾಡುವುದು ಕಾಕ್‌ಪಿಟ್‌ನಲ್ಲಿ ಕೂತ ಇಬ್ಬರು ಪೈಲಟ್‌ಗಳೇ.

ಕಂಪನಿ ಮುಚ್ಚಿದರೆ ಬಾಕಿ ಸಂಬಳ ಸಿಗುತ್ತದಾ?

ನಂಬಿ ಕೂರಬೇಡಿ. ನಮ್ಮ ಬೆಂಗಳೂರಿನ ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ನಿಂತಿತು. ನೌಕರರು ಅದಕ್ಕೂ ಮುಂಚೆಯೇ ತಿಂಗಳುಗಟ್ಟಲೆ ಸಂಬಳವಿಲ್ಲದೆ ದುಡಿದಿದ್ದರು. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ಕೊನೆಯ ಸಲ ಹಾರಿತು. ಅದರ ನೌಕರರ ಪಿಎಫ್, ಗ್ರಾಚ್ಯುಟಿಯ ಜಗಳ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು, 2023ರ ಜನವರಿಯಲ್ಲಿ ಆದೇಶ ಅವರ ಪರ ಬಂತು. 2024ರ ನವೆಂಬರ್‌ನಲ್ಲಿ ಅದೇ ಕೋರ್ಟ್ ಕಂಪನಿಯನ್ನು ಬರ್ಖಾಸ್ತು ಮಾಡಿ ಆಸ್ತಿ ಮಾರಲು ಹೇಳಿತು.

ನಮ್ಮೂರಿಗೆ ಇದು ಹಳೆಯ ಕಥೆ. ಅಪ್ಪನ ಗಿರಣಿ ನಿಂತ ಮೇಲೆ ಬಾಕಿಗಾಗಿ ಅವರು ವರ್ಷಗಟ್ಟಲೆ ಅಲೆದರು. ಎರಡು ತಿಂಗಳು ಸಂಬಳ ತಡವಾದರೆ ಬೇರೆ ಕಡೆ ಅರ್ಜಿ ಹಾಕು ಅಂತ ತಮ್ಮನಿಗೆ ಮೊದಲ ದಿನವೇ ಹೇಳಿದ್ದು ಅವರೇ.

ಬೇಡ ಅನ್ನಿಸಿದರೆ ಕೆಲಸ ಬಿಟ್ಟು ಬೇರೆ ಕಂಪನಿಗೆ ಹೋಗಬಹುದಲ್ಲ?

ಹೋಗಬಹುದು, ಕಾದು. 2017ರ ಡಿಜಿಸಿಎ ನಿಯಮದ ಪ್ರಕಾರ ಕ್ಯಾಪ್ಟನ್ 12 ತಿಂಗಳು, ಫಸ್ಟ್ ಆಫೀಸರ್ ಅಂದರೆ ಸಹ-ಪೈಲಟ್ 6 ತಿಂಗಳು ನೋಟಿಸ್ ಕೊಡಬೇಕು. ಬಾಂಡ್ ಇದ್ದರೆ ಅದರ ಹಣ ಬೇರೆ. ಒಂದು ವರ್ಷ ಕಾಯುವ ಕ್ಯಾಪ್ಟನ್‌ನನ್ನು ಯಾವ ಕಂಪನಿ ಕಾಯುತ್ತದೆ ಹೇಳಿ.

ನಮ್ಮ ದೇಶದಲ್ಲಿ ಪೈಲಟ್ ಸಂಘಗಳು ಯಾವುವು? ಅವು ಏನಾದರೂ ಸಾಧಿಸಿವೆಯಾ?

ಹಳೆಯವು ಎರಡು. ಏರ್ ಇಂಡಿಯಾದವರದು ಇಂಡಿಯನ್ ಪೈಲಟ್ಸ್ ಗಿಲ್ಡ್. ಇಂಡಿಯನ್ ಏರ್‌ಲೈನ್ಸ್‌ನಿಂದ ಬಂದವರದು ಇಂಡಿಯನ್ ಕಮರ್ಷಿಯಲ್ ಪೈಲಟ್ಸ್ ಅಸೋಸಿಯೇಷನ್. 2007ರಲ್ಲಿ ಕಂಪನಿಗಳು ಒಂದಾದವು, ಸಂಘಗಳು ಒಂದಾಗಲಿಲ್ಲ. ಸಮಾನ ಸಂಬಳಕ್ಕಾಗಿ 2011ರಲ್ಲಿ ಒಂದು ಸಂಘ ಹತ್ತು ದಿನ ಮುಷ್ಕರ ಮಾಡಿತು. ಹೊಸ ಡ್ರೀಮ್‌ಲೈನರ್ ವಿಮಾನದ ತರಬೇತಿ ಇನ್ನೊಂದು ಸಂಘದವರಿಗೂ ಯಾಕೆ ಅಂತ 2012ರಲ್ಲಿ ಗಿಲ್ಡ್‌ನವರು 58 ದಿನ ಮುಷ್ಕರ ಕೂತರು. ನೂರರಷ್ಟು ಪೈಲಟ್‌ಗಳನ್ನು ಕಂಪನಿ ತೆಗೆದುಹಾಕಿತು, ಸಂಘದ ಮಾನ್ಯತೆ ಹೋಯಿತು.

ಸಂಘದ ಪರ ಇರುವವನಾಗಿಯೇ ಹೇಳುತ್ತೇನೆ, 2012ರದ್ದು ತಪ್ಪು ಹೆಜ್ಜೆ. ಪಕ್ಕದ ಸೀಟಿನವನಿಗೆ ಸಿಗಬಾರದು ಅಂತ ಮಾಡುವ ಹೋರಾಟಕ್ಕೆ ಜನರ ಬೆಂಬಲ ಸಿಗುವುದಿಲ್ಲ. ನಿದ್ದೆಯ ಗಂಟೆಗಾಗಿ ಕೋರ್ಟ್‌ಗೆ ಹೋಗಿದ್ದು ಸರಿಯಾದ ಹೋರಾಟ, ಅದರ ಲಾಭ ನಮಗೂ ಇದೆ.

ಖಾಸಗಿ ಕಂಪನಿಗಳಲ್ಲಿ ಸಂಘ ಕಟ್ಟುವುದು ಇನ್ನೂ ಕಷ್ಟ. 2009ರಲ್ಲಿ ಜೆಟ್ ಪೈಲಟ್‌ಗಳು ನ್ಯಾಷನಲ್ ಏವಿಯೇಟರ್ಸ್ ಗಿಲ್ಡ್ ಕಟ್ಟಿದರು. ಕಂಪನಿ ಇಬ್ಬರನ್ನು ಕೆಲಸದಿಂದ ತೆಗೆಯಿತು. ನೂರಾರು ಪೈಲಟ್‌ಗಳು ಒಟ್ಟಿಗೆ ಸಿಕ್ ಲೀವ್ ಹಾಕಿದರು. ಐದು ದಿನದಲ್ಲಿ ರಾಜಿಯಾಯಿತು.

ಎಲ್ಲರೂ ಒಟ್ಟಿಗೆ ಸಿಕ್ ಲೀವ್ ಹಾಕುವುದು ಮೋಸ ಅಲ್ವಾ?

ಪ್ರಯಾಣಿಕರಿಗೆ ತೊಂದರೆ ಆಗುತ್ತದೆ, ನಿಜ. ಹುಷಾರಿಲ್ಲ ಅಂತ ಸುಮ್ನೆ ಬರೆಯುವುದು ನನಗೂ ಇಷ್ಟವಿಲ್ಲ. ಆದರೆ ನೇರ ದಾರಿ ಎಷ್ಟು ಕಿರಿದು ನೋಡಿ. ಮುಷ್ಕರಕ್ಕೆ 14 ದಿನ ಮುಂಚೆ ನೋಟಿಸ್ ಬೇಕು. 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ, ಅರ್ಧದಷ್ಟು ಕಾರ್ಮಿಕರು ಒಂದೇ ದಿನ ಒಟ್ಟಾಗಿ ಕ್ಯಾಶುಯಲ್ ಲೀವ್ ಹಾಕಿದರೂ ಅದು ಮುಷ್ಕರವೇ. ಮೇಲ್ವಿಚಾರಣೆ ಕೆಲಸದಲ್ಲಿದ್ದು ತಿಂಗಳಿಗೆ 18,000 ರೂಪಾಯಿ ದಾಟಿದವರು ಆ ಕಾಯ್ದೆಯ ಕಾರ್ಮಿಕರಲ್ಲ. ಕ್ಯಾಪ್ಟನ್ ಮೇಲ್ವಿಚಾರಕನೋ, ಕೆಲಸಗಾರನೋ? ವಾದ ಅಲ್ಲೇ ಶುರುವಾಗುತ್ತದೆ.

ಅಮೆರಿಕದ ಪೈಲಟ್‌ಗಳಿಗೆ ಭಾರಿ ಸಂಬಳ ಅಂತಾರೆ. ಅದು ಹೇಗೆ ಬಂತು?

ಸುಮ್ನೆ ಬರಲಿಲ್ಲ. ಅಲ್ಲಿನ ಪೈಲಟ್ ಸಂಘ, ಅಲ್ಪಾ, 1931ರದ್ದು. 1985ರಲ್ಲಿ ಯುನೈಟೆಡ್ ಪೈಲಟ್‌ಗಳು ಬಿ-ಸ್ಕೇಲ್ ವಿರುದ್ಧ 29 ದಿನ ಮುಷ್ಕರ ಮಾಡಿದರು. ಅವರು ಕೆಳಗೂ ಬಿದ್ದಿದ್ದಾರೆ. 2009ರ ಜನವರಿಯಲ್ಲಿ ಹಡ್ಸನ್ ನದಿಯ ಮೇಲೆ ವಿಮಾನ ಇಳಿಸಿ ಎಲ್ಲರನ್ನೂ ಉಳಿಸಿದ ಕ್ಯಾಪ್ಟನ್ ಸಲ್ಲನ್‌ಬರ್ಗರ್, ಮುಂದಿನ ತಿಂಗಳೇ ಅಮೆರಿಕದ ಸಂಸತ್ತಿನ ಮುಂದೆ ತನ್ನ ಸಂಬಳ 40 ಪರ್ಸೆಂಟ್ ಕಡಿಮೆಯಾಗಿದೆ, ಪಿಂಚಣಿ ಹೋಗಿದೆ ಅಂತ ಹೇಳಿದರು. ಅದೇ ಫೆಬ್ರವರಿಯಲ್ಲಿ ಬಫಲೋ ಹತ್ತಿರ ಸಣ್ಣ ಕಂಪನಿಯ ವಿಮಾನ ಬಿದ್ದು 50 ಜನ ಸತ್ತರು. ಅದರ ಫಸ್ಟ್ ಆಫೀಸರ್ ಕಡಿಮೆ ಸಂಬಳದವಳು, ತಂದೆ-ತಾಯಿ ಮನೆಯಲ್ಲಿ ಇದ್ದವಳು. ದೇಶದ ಆ ತುದಿಯಿಂದ ರಾತ್ರಿಯೆಲ್ಲ ಪ್ರಯಾಣ ಮಾಡಿ ಡ್ಯೂಟಿಗೆ ಬಂದಿದ್ದಳು. ಆಮೇಲೆ ಅಲ್ಲಿ ವಿಶ್ರಾಂತಿಯ ನಿಯಮ ಬಿಗಿಯಾಯಿತು, ಪ್ರಯಾಣಿಕ ವಿಮಾನಕ್ಕೆ 1500 ಗಂಟೆಯ ಅನುಭವ ಬೇಕೆಂಬ ನಿಯಮ ಬಂತು. ಕೊರೊನಾ ನಂತರ ಪೈಲಟ್‌ಗಳ ಕೊರತೆಯಾದಾಗ ಸಂಘ ಗಟ್ಟಿಯಾಗಿ ಕೂತಿತು. 2023ರಲ್ಲಿ ಡೆಲ್ಟಾ ಪೈಲಟ್‌ಗಳಿಗೆ ನಾಲ್ಕು ವರ್ಷದಲ್ಲಿ 34 ಪರ್ಸೆಂಟ್ ಏರಿಕೆ ಸಿಕ್ಕಿತು.

ಚಳ್ಳಕೆರೆ ಹತ್ತಿರ ಪೈಲಟ್ ಇಲ್ಲದ ವಿಮಾನ ಹಾರಿಸುತ್ತಾರಲ್ಲ. ಮುಂದೆ ಪೈಲಟ್ ಕೆಲಸವೇ ಇರುತ್ತಾ?

ಚಿತ್ರದುರ್ಗದ ಕಡೆಯವರು ಇದನ್ನು ಕೇಳದೆ ಬಿಡುವುದಿಲ್ಲ. ಡಿಆರ್‌ಡಿಒ ಪರೀಕ್ಷಾ ಕೇಂದ್ರದಲ್ಲಿ 2022ರ ಜುಲೈ 1ರಂದು ಚಾಲಕನಿಲ್ಲದ ವಿಮಾನ ತಾನೇ ಏರಿ ತಾನೇ ಇಳಿಯಿತು. 2023ರ ಆಗಸ್ಟ್‌ನಲ್ಲಿ ಅಲ್ಲಿನದೇ ಒಂದು ಡ್ರೋನ್ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಬಿತ್ತು. ಅದರಲ್ಲಿ ಯಾರೂ ಇರಲಿಲ್ಲ. 180 ಜನ ಕೂತ ವಿಮಾನದ ಮಾತು ಬೇರೆ. ಈಗ ಓದುತ್ತಿರುವ ಮಕ್ಕಳ ಕಾಲಕ್ಕೆ ಪೈಲಟ್ ಕೆಲಸ ಇದ್ದೇ ಇರುತ್ತದೆ ಅಂತ ನನ್ನ ಅಂದಾಜು. ಇಬ್ಬರು ಪೈಲಟ್‌ಗಳ ಬದಲು ಒಬ್ಬರೇ ಸಾಕು ಅನ್ನುವ ಮಾತು ಹೊರದೇಶದಲ್ಲಿ ಶುರುವಾಗಿದೆ, ಪೈಲಟ್ ಸಂಘಗಳು ವಿರೋಧಿಸುತ್ತಿವೆ. ಅದರ ಮೇಲೆ ಕಣ್ಣಿಡಿ.

ಹಾಗಾದರೆ ನಮ್ಮ ಮಗಳನ್ನು ಕಳಿಸೋದಾ, ಬೇಡ್ವಾ?

ಅವಳಿಗೆ ಹಾರುವ ಆಸೆ ಇದ್ದರೆ ಕಳಿಸಿ. ಪೈಲಟ್‌ಗಳಲ್ಲಿ ಹೆಣ್ಣುಮಕ್ಕಳ ಪಾಲು ಪ್ರಪಂಚದ ಸರಾಸರಿಗಿಂತ ನಮ್ಮ ದೇಶದಲ್ಲಿ ಎಷ್ಟೋ ಜಾಸ್ತಿ. ತಮ್ಮನೂ ಈ ಕೆಲಸ ಬಿಡುವ ಮಾತು ಒಂದು ದಿನವೂ ಆಡಿಲ್ಲ.

ಆದರೆ ತೋಟ ಅಡ ಇಡುವ ಮುಂಚೆ ಕ್ಲಾಸ್ 1 ಮೆಡಿಕಲ್, ಅಂದರೆ ಪೈಲಟ್ ಆಗಲು ಬೇಕಾದ ಆರೋಗ್ಯ ತಪಾಸಣೆ, ಮುಗಿಸಿ. ಫೀಸ್ ಕಟ್ಟಿದ ಮೇಲೆ ಕಣ್ಣಿನದೋ ಕಿವಿಯದೋ ದೋಷ ಗೊತ್ತಾದರೆ ಹಣ ವಾಪಸ್ ಬರುವುದಿಲ್ಲ. ಲೈಸೆನ್ಸ್ ಸಿಕ್ಕ ಮೇಲೆ ಮೂರು ವರ್ಷ ಕೆಲಸ ಸಿಗದಿದ್ದರೂ ಕಂತು ಕಟ್ಟುವ ಶಕ್ತಿ ಮನೆಗೆ ಇದೆಯಾ ನೋಡಿ. ಕಂಪನಿಯ ಆಫರ್ ಲೆಟರ್ ಬಂದಾಗ ಒಟ್ಟು ಮೊತ್ತ ನೋಡಿ ಕುಣಿಯಬೇಡಿ. ಖಾತ್ರಿ ಗಂಟೆ ಎಷ್ಟು, ಬಾಂಡ್ ಎಷ್ಟು ವರ್ಷ, ಕರಾರನ್ನು ಕಂಪನಿ ಒಂದೇ ಕೈಯಿಂದ ಬದಲಿಸಬಹುದಾ, ಈ ಮೂರು ಸಾಲು ಹುಡುಕಿ. ಸಿಗದಿದ್ದರೆ ಕಾಗದ ತಗೊಂಡು ಬನ್ನಿ, ಇಬ್ಬರೂ ಕೂತು ಓದೋಣ. ಭಾನುವಾರ ಬೆಳಗ್ಗೆ ಆಫೀಸಿನಲ್ಲೇ ಇರುತ್ತೇನೆ.